ಪುಣೆಯಲ್ಲಿ ಸೋತದ್ದು, ಕೈರೋದಲ್ಲಿ ಕಲಿತದ್ದು

ಅರಬ್ಬಿ ಭಾಷೆಯ ವಿಕಿಪೀಡಿಯ ಶುರುವಾದದ್ದು 2003ರ ಜುಲೈಯಲ್ಲಿ. ಕನ್ನಡ ವಿಕಿಪೀಡಿಯ ಕಣ್ಣುಬಿಟ್ಟದ್ದೂ ಅದೇ ವರ್ಷ. ಎರಡು ಭಾಷೆಗಳ ಹರವಿಗೆ ಹೋಲಿಕೆಯೇ ಇಲ್ಲ. ಅರಬ್ಬಿ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಆಡಳಿತ ಭಾಷೆ; 1973ರಿಂದ ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳಲ್ಲೂ ಒಂದು. ಆದರೂ ಮೊದಲ ವರ್ಷಗಳಲ್ಲಿ ಇಬ್ಬರದೂ ಒಂದೇ ಪಾಡು: ಓದುವವರು ಇದ್ದಾರೆ, ಬರೆಯುವವರು ಸಿಗುತ್ತಿಲ್ಲ. 2008ರಲ್ಲಿ ವಿಕಿಪೀಡಿಯ ಬರಹಗಾರರ ಜಾಗತಿಕ ಸಮ್ಮೇಳನವಾದ ವಿಕಿಮೇನಿಯಾ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹೊಸ ಗ್ರಂಥಾಲಯದಲ್ಲಿ ನಡೆಯಿತು. ಹಳೆಯ ಕಾಲದ ಮಹಾ ಗ್ರಂಥಾಲಯ ಇದ್ದ ಊರು ಅದು. ಆ ಹೊತ್ತಿಗೆ ಅರಬ್ಬಿ ವಿಕಿಪೀಡಿಯದಲ್ಲಿ ಒಂದು ಲಕ್ಷ ಲೇಖನಗಳೂ ಇರಲಿಲ್ಲ. ಆ ಗಡಿ ದಾಟಿದ್ದು ಮರುವರ್ಷ.

ಅರಬ್ಬರು ಓದುವುದಿಲ್ಲ, ಅನುವಾದ ಮಾಡುವುದಿಲ್ಲ ಎಂಬ ಮಾತು ಆಗ ಬಹಳ ಚಾಲ್ತಿಯಲ್ಲಿತ್ತು. ಅರಬ್ ದೇಶಗಳನ್ನು ಕುರಿತ ವಿಶ್ವಸಂಸ್ಥೆಯ 2002ರ ಅಭಿವೃದ್ಧಿ ವರದಿ, ಅಲ್ಲಿ ವರ್ಷಕ್ಕೆ ಸುಮಾರು 330 ಪುಸ್ತಕಗಳಷ್ಟೇ ಅನುವಾದವಾಗುತ್ತವೆ, ಇದು ಗ್ರೀಸ್ ದೇಶದ ಐದನೇ ಒಂದು ಭಾಗ ಎಂದಿತ್ತು. ಆ ಲೆಕ್ಕವನ್ನು ಮುಂದೆ ಹಲವರು ಪ್ರಶ್ನಿಸಿದರು. ಆದರೆ ಬರೆಯುವವರ ಕೊರತೆಗೆ ಬೇರೆಯೇ ಕಾರಣವಿತ್ತು, ಅದು ಕನ್ನಡಿಗರಿಗೆ ಹೊಸದೇನಲ್ಲ. ಈಜಿಪ್ಟಿನಲ್ಲಿ ವೈದ್ಯಕೀಯ ಕಲಿಯುವುದು ಇಂಗ್ಲಿಷಿನಲ್ಲಿ, ಅಲ್ಜೀರಿಯಾದಲ್ಲಿ ಆಗ ಕಲಿಯುತ್ತಿದ್ದದ್ದು ಫ್ರೆಂಚಿನಲ್ಲಿ. ಅರಬ್ಬಿಯಲ್ಲೇ ವೈದ್ಯಕೀಯ ಕಲಿಸುವ ಡಮಾಸ್ಕಸ್ ವಿಶ್ವವಿದ್ಯಾಲಯದಂಥವು ಅಪರೂಪ. ಹಾಗಾಗಿ ವಿಷಯ ಗೊತ್ತಿದ್ದವರಿಗೆ ಅದನ್ನು ತಮ್ಮ ಭಾಷೆಯಲ್ಲಿ ಬರೆದು ರೂಢಿಯಿಲ್ಲ. ಭಾಷೆಯಲ್ಲಿ ಪಳಗಿದವರು ವಿಜ್ಞಾನದ ಕಡೆ ತಲೆಹಾಕುವುದಿಲ್ಲ.

ಹೊಸ ಬರಹಗಾರರನ್ನು ಎಲ್ಲಿಂದ ತರುವುದು? ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ನಿಗೆ 2010ರಲ್ಲಿ ಅಮೆರಿಕದಲ್ಲಿ ಒಂದು ದಾರಿ ಕಂಡಿತ್ತು. ಕಾಲೇಜಿನ ವಿದ್ಯಾರ್ಥಿಗಳು ಹೇಗೂ ಪ್ರಬಂಧ ಬರೆಯುತ್ತಾರೆ, ಅಧ್ಯಾಪಕರು ಓದಿ ಅಂಕ ಕೊಟ್ಟ ಮೇಲೆ ಅದು ರದ್ದಿಗೆ ಹೋಗುತ್ತದೆ. ಅದರ ಬದಲು ವಿಕಿಪೀಡಿಯದಲ್ಲೇ ಬರೆಸಿದರೆ? ಆ ಪ್ರಯೋಗ ಚೆನ್ನಾಗಿ ನಡೆಯಿತು. ಮರುವರ್ಷ, 2011ರಲ್ಲಿ, ಅದೇ ಯೋಜನೆಯನ್ನು ಪುಣೆಗೆ ತಂದರು.

ಪುಣೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳು ಒಮ್ಮೆಗೇ ಸೇರಿದರು. ಬರೆಯಬೇಕಾದದ್ದು ಇಂಗ್ಲಿಷ್ ವಿಕಿಪೀಡಿಯದಲ್ಲಿ. ಅವರಿಗೆ ಹೇಳಿಕೊಡಲು ನೇಮಕವಾದ ಕ್ಯಾಂಪಸ್ ರಾಯಭಾರಿಗಳಲ್ಲಿ ಹೆಚ್ಚಿನವರು ತಾವೇ ಆಗಷ್ಟೇ ವಿಕಿಪೀಡಿಯಕ್ಕೆ ಕಾಲಿಟ್ಟವರು. ವಿದ್ಯಾರ್ಥಿಗಳು ತಮಗೆ ಗೊತ್ತಿದ್ದ ರೀತಿಯಲ್ಲೇ ಬರೆದರು. ಪಠ್ಯಪುಸ್ತಕದಿಂದ, ಅಂತರ್ಜಾಲದಿಂದ ಸಾಲುಸಾಲಾಗಿ ಎತ್ತಿ ಹಾಕಿದರು. ಪರೀಕ್ಷೆಯಲ್ಲಿ ನೋಟ್ಸನ್ನು ಇದ್ದದ್ದು ಇದ್ದಂತೆ ಒಪ್ಪಿಸಿದರೆ ಒಳ್ಳೆಯ ಅಂಕ ಬರುವ ಕಡೆ ಬೆಳೆದ ಮಕ್ಕಳಿಗೆ ಇದು ತಪ್ಪು ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಆದರೆ ವಿಕಿಪೀಡಿಯಕ್ಕೆ ಅದು ಕೃತಿಸ್ವಾಮ್ಯದ ಉಲ್ಲಂಘನೆ. ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿದ್ದ ಸ್ವಯಂಸೇವಕರು ಒಂದೊಂದೇ ಪುಟ ತೆರೆದು, ಎಲ್ಲಿಂದ ಬಂದದ್ದೆಂದು ಹುಡುಕಿ, ಅಳಿಸುತ್ತ ಕೂರಬೇಕಾಯಿತು. ಅವರಿಗೂ ಪುಣೆಯ ವಿದ್ಯಾರ್ಥಿಗಳಿಗೂ ಮುಖಪರಿಚಯವಿಲ್ಲ. ವಿದ್ಯಾರ್ಥಿಗೆ ಕಂಡದ್ದು ತನ್ನ ಬರಹ ಮಾಯವಾದದ್ದು ಮತ್ತು ಒಂದು ಬಿರುಸಾದ ಎಚ್ಚರಿಕೆ. ಆ ವರ್ಷ ಮುಗಿಯುವುದರೊಳಗೆ ಯೋಜನೆ ನಿಂತಿತು. ಫೌಂಡೇಶನ್ ಅದರ ಪರಾಮರ್ಶೆಯನ್ನು ಹೊರಗಿನವರಿಂದ ಮಾಡಿಸಿ, ವರದಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿತು.

ಪುಣೆಯ ಈ ಸೋಲನ್ನು ನಕಲು ಹೊಡೆಯುವ ವಿದ್ಯಾರ್ಥಿಗಳ ತಲೆಗೆ ಕಟ್ಟಿ ಮುಗಿಸುವುದು ಸುಲಭವಿತ್ತು. ಆದರೆ ನಿಜವಾದ ತೊಡಕು ಲೆಕ್ಕಾಚಾರದಲ್ಲಿತ್ತು. ಸಾವಿರ ಜನ ಬರೆದದ್ದನ್ನು ಕೂತು ಓದಿ ತಿದ್ದಲು ಎಷ್ಟು ಜನ ಬೇಕು ಎಂಬುದನ್ನು ಯಾರೂ ಮೊದಲೇ ಎಣಿಸಿರಲಿಲ್ಲ.

2012ರ ವಸಂತದಲ್ಲಿ ಕೈರೋದಲ್ಲಿ ಅರಬ್ಬಿ ತರಗತಿಗಳು ಶುರುವಾದಾಗ ಈ ಲೆಕ್ಕ ಮೊದಲು ಬಂತು. ತಹ್ರೀರ್ ಚೌಕದ ಜನಾಂದೋಲನಕ್ಕೆ ಆಗಷ್ಟೇ ಒಂದು ವರ್ಷ ತುಂಬಿತ್ತು. ಕೈರೋ ವಿಶ್ವವಿದ್ಯಾಲಯ ಮತ್ತು ಐನ್ ಶಮ್ಸ್ ವಿಶ್ವವಿದ್ಯಾಲಯಗಳಲ್ಲಿ ಕೆಲವೇ ತರಗತಿಗಳನ್ನು ಆರಿಸಿಕೊಂಡರು. ಬರೆಯುವುದು ಅರಬ್ಬಿಯಲ್ಲಿ, ಅರಬ್ಬಿ ವಿಕಿಪೀಡಿಯಕ್ಕೆ. ಹೇಳಿಕೊಡಲು ಅಲ್ಲೇ ಬರೆದು ಪಳಗಿದ್ದ ಸ್ವಯಂಸೇವಕರು ಬಂದರು. ಯಾವುದು ನಕಲು, ಯಾವುದು ಸ್ವಂತ ಮಾತು ಎಂಬುದೇ ಮೊದಲ ಪಾಠಗಳಲ್ಲಿ ಒಂದಾಯಿತು. ವಿದ್ಯಾರ್ಥಿಯ ಬರಹ ನೇರವಾಗಿ ವಿಶ್ವಕೋಶಕ್ಕೆ ಹೋಗದೆ ಮೊದಲು ಪ್ರಯೋಗಪುಟದಲ್ಲಿ ಕೂತು ತಿದ್ದಿಸಿಕೊಳ್ಳುತ್ತಿತ್ತು.

ಐನ್ ಶಮ್ಸ್‌ನಲ್ಲಿ ಈ ಕೆಲಸ ನಡೆದ ಭಾಷಾ ಕಾಲೇಜಿನ ಹೆಸರು ಅಲ್ ಅಲ್ಸುನ್, ಅಂದರೆ 'ನಾಲಿಗೆಗಳು'. ಪ್ಯಾರಿಸ್ಸಿನಲ್ಲಿ ಓದಿ ಬಂದ ರಿಫಾ ಅಲ್ ತಹ್ತಾವಿ 1835ರಲ್ಲಿ ಕೈರೋದಲ್ಲಿ ಕಟ್ಟಿದ ಅನುವಾದಕರ ಶಾಲೆಯ ಹೆಸರದು. ಆ ಶಾಲೆ ಹೆಚ್ಚು ಕಾಲ ಬಾಳಲಿಲ್ಲ, ಆದರೆ ಈಗಿನ ಕಾಲೇಜು ತನ್ನ ಬೇರನ್ನು ಅಲ್ಲಿಯೇ ಗುರುತಿಸಿಕೊಳ್ಳುತ್ತದೆ. ಸ್ಪ್ಯಾನಿಷ್, ಫ್ರೆಂಚ್, ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗಳು ಆ ಭಾಷೆಗಳ ಒಳ್ಳೆಯ ವಿಕಿಪೀಡಿಯ ಲೇಖನಗಳನ್ನು ಅರಬ್ಬಿಗೆ ತಂದರು. ಇದರಿಂದ ಮೂಲ ಎಲ್ಲಿಯದು ಎಂಬ ಪ್ರಶ್ನೆ ಸುಲಭವಾಯಿತು, ಮೂಲವೂ ಅನುವಾದವೂ ಅಧ್ಯಾಪಕರ ಕಣ್ಣಮುಂದೆಯೇ ಇದ್ದವು.

ಹೊರಗಿನಿಂದ ನೋಡಿದವರಿಗೆ ವಿಕಿಪೀಡಿಯದ ತರಬೇತಿ ಎಂದರೆ ಯಾವ ಗುಂಡಿ ಒತ್ತಬೇಕು ಎಂದು ತೋರಿಸುವುದು. ಅರಬ್ಬಿಯಲ್ಲಿ ಅಷ್ಟೂ ಸಲೀಸಲ್ಲ. ಬರಹ ಬಲದಿಂದ ಎಡಕ್ಕೆ ಹೋಗುತ್ತದೆ, ಅದರ ನಡುವೆ ಬರುವ ಸಂಕೇತಗಳು ಮತ್ತು ಇಂಗ್ಲಿಷ್ ಪದಗಳು ಎಡದಿಂದ ಬಲಕ್ಕೆ. ಕೊಂಡಿ ಹಾಕಲೆಂದು ಆವರಣಚಿಹ್ನೆ ಒತ್ತಿದರೆ ಅದು ತಿರುಗಿ ಕೂರುತ್ತದೆ, ಪೂರ್ಣವಿರಾಮ ವಾಕ್ಯದ ಇನ್ನೊಂದು ತುದಿಗೆ ಜಿಗಿಯುತ್ತದೆ. ಸಂಕೇತಗಳ ಗೋಜಿಲ್ಲದೆ ಬರೆಯುವ ಹೊಸ ಸಂಪಾದನಾ ಸಲಕರಣೆ 2013ರಲ್ಲಿ ಬರುವವರೆಗೆ, ಹೊಸಬರ ಮೊದಲ ತರಗತಿ ಇದರಲ್ಲೇ ಕಳೆದುಹೋಗುತ್ತಿತ್ತು.

ಅದಕ್ಕಿಂತ ದೊಡ್ಡ ಪಾಠ ಭಾಷೆಯದೇ. ಅರಬ್ಬಿ ವಿಕಿಪೀಡಿಯ ಬರೆಯಲ್ಪಡುವುದು ಫುಸ್ಹಾದಲ್ಲಿ, ಅಂದರೆ ಪುಸ್ತಕದ ಅರಬ್ಬಿಯಲ್ಲಿ. ಅದು ಯಾರ ಮನೆಮಾತೂ ಅಲ್ಲ. ಕೈರೋದ ಹುಡುಗಿ ಮನೆಯಲ್ಲಿ ಈಜಿಪ್ಟಿನ ಆಡುಮಾತು ಆಡುತ್ತಾಳೆ, ಮೊರಾಕ್ಕೊದ ಹುಡುಗ ದಾರಿಜಾ ಆಡುತ್ತಾನೆ, ಇಬ್ಬರೂ ಸೇರುವ ಜಾಗ ಶಾಲೆಯಲ್ಲಿ ಕಲಿತ ಈ ಬರಹದ ಭಾಷೆ. ಅಲ್ಲಿಯೂ ಒಂದೇ ಮಾತಿಲ್ಲ. ಆಗಸ್ಟ್ ತಿಂಗಳು ಸಿರಿಯಾದಲ್ಲಿ ಆಬ್, ಈಜಿಪ್ಟಿನಲ್ಲಿ ಅಘುಸ್ತುಸ್, ಅಲ್ಜೀರಿಯಾದಲ್ಲಿ ಊತ್, ಮೊರಾಕ್ಕೊದಲ್ಲಿ ಘುಷ್ತ್. ಮೊಬೈಲ್ ಫೋನು ಸೌದಿಯಲ್ಲಿ ಜವ್ವಾಲ್, ಈಜಿಪ್ಟಿನಲ್ಲಿ ಮಹ್ಮೂಲ್, ಜೋರ್ಡಾನಿನಲ್ಲಿ ಖಲವಿ. ಕಂಪ್ಯೂಟರನ್ನು ಹಾಗೆಯೇ ಬರೆಯಬೇಕೋ, ಲೆಕ್ಕ ಎಂಬ ಧಾತುವಿನಿಂದ ಕಟ್ಟಿದ ಹಾಸೂಬ್ ಎನ್ನಬೇಕೋ? ಮುಂಬೈ, ಹೈದರಾಬಾದಿನವರಿಗೆ ಗೊತ್ತಿರುವ ಹಿಸಾಬ್ ಕೂಡ ಅದೇ ಧಾತುವಿನದು. ಡಮಾಸ್ಕಸ್‌ನಲ್ಲಿ 1919ರಿಂದ, ಕೈರೋದಲ್ಲಿ 1932ರಿಂದ ಭಾಷಾ ಅಕಾಡೆಮಿಗಳಿವೆ, ಮುಂದೆ ಬೇರೆ ರಾಜಧಾನಿಗಳಲ್ಲೂ ಹುಟ್ಟಿದವು. ಅವು ಕಟ್ಟಿದ ಪದಗಳು ಯಾವಾಗಲೂ ಒಂದೇ ಆಗಿರುವುದಿಲ್ಲ. ಹೊಸ ಸಂಪಾದಕರಿಗೆ ಕಲಿಸಬೇಕಾದ್ದು ಇದನ್ನು: ನಿಮ್ಮ ದೇಶದ ಪದ ತಪ್ಪಲ್ಲ, ಆದರೆ ಇನ್ನೊಂದು ದೇಶದ ಓದುಗರೂ ಇದ್ದಾರೆ. ಬದಲಿಸುವ ಮೊದಲು ಚರ್ಚಾಪುಟದಲ್ಲಿ ಕೇಳಿ.

ಮೂರನೆಯ ಪಾಠ ಆಧಾರ ಕೊಡುವುದು. ಇದು ಪಶ್ಚಿಮದಿಂದ ಬಂದ ಹೊಸ ಶಿಸ್ತು ಎಂದು ಕಾಣಬಹುದು, ಆದರೆ ಅರಬ್ಬಿಯಲ್ಲಿ ಇದಕ್ಕೆ ಸಾವಿರದ ಇನ್ನೂರು ವರ್ಷದ ಹಿಂದಿನ ಮಾದರಿಯಿದೆ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಎಂಬ ಕ್ರೈಸ್ತ ವೈದ್ಯ ಗ್ರೀಕ್ ವೈದ್ಯಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬಿಗೆ ತಂದ. ಗ್ಯಾಲೆನ್‌ನ 129 ಕೃತಿಗಳನ್ನು ಪಟ್ಟಿಮಾಡಿದ ಅವನ ಪತ್ರವೊಂದು ಉಳಿದಿದೆ. ಯಾವ ಕೃತಿಯನ್ನು ಯಾರು, ಯಾರಿಗಾಗಿ ಅನುವಾದಿಸಿದರು, ಕೈಗೆ ಸಿಕ್ಕಿದ ಹಸ್ತಪ್ರತಿ ಎಂಥದು ಎಂಬುದನ್ನು ಅದರಲ್ಲಿ ಹೇಳುತ್ತ ಹೋಗುತ್ತಾನೆ. ಒಂದು ಪುಸ್ತಕದ ವಿಷಯದಲ್ಲಿ, ತಾನು ಇಪ್ಪತ್ತರ ವಯಸ್ಸಿನಲ್ಲಿ ದೋಷಗಳಿದ್ದ ಪ್ರತಿಯಿಂದ ಅನುವಾದಿಸಿದ್ದನ್ನು ಬಚ್ಚಿಡುವುದಿಲ್ಲ. ನಲವತ್ತರ ಹೊತ್ತಿಗೆ ಶಿಷ್ಯ ಹುಬೈಶ್ ಅದನ್ನು ತಿದ್ದಿಕೊಡಿ ಎಂದಾಗ, ಅಷ್ಟರಲ್ಲಿ ಕೂಡಿಹಾಕಿದ್ದ ಹಲವು ಗ್ರೀಕ್ ಪ್ರತಿಗಳನ್ನು ಒಟ್ಟಿಗಿಟ್ಟು ಹೋಲಿಸಿ, ಮೊದಲು ಸರಿಯಾದ ಮೂಲವನ್ನು ನಿರ್ಧರಿಸಿ, ಆಮೇಲೆ ತನ್ನ ಅನುವಾದವನ್ನು ತಿದ್ದುತ್ತಾನೆ. ಮಗ ಇಸ್ಹಾಕ್, ಸೋದರಳಿಯನೂ ಆಗಿದ್ದ ಹುಬೈಶ್ ಅವನ ಜೊತೆ ಕೆಲಸ ಮಾಡಿದರು, ಒಬ್ಬರ ಬರಹ ಇನ್ನೊಬ್ಬರ ಕೈದಾಟಿ ಹೋಗುತ್ತಿತ್ತು. ಕೈರೋದ ತರಗತಿಗಳಲ್ಲಿ ನಡೆಯಬೇಕಿದ್ದದ್ದೂ ಇದೇ.

ಕೈರೋದ ತರಗತಿಗಳಲ್ಲಿ ಬಹುಪಾಲು ವಿದ್ಯಾರ್ಥಿನಿಯರಿದ್ದರು. ವಿಕಿಪೀಡಿಯದ ಬರಹಗಾರರಲ್ಲಿ ಎಲ್ಲೆಡೆಯೂ ಗಂಡಸರೇ ಹೆಚ್ಚು ಎಂಬ ದೂರಿರುವಾಗ ಇದು ದೊಡ್ಡ ಬದಲಾವಣೆ. ಅರಬ್ಬಿಯಲ್ಲಿ 'ಬಳಕೆದಾರ' ಎಂಬ ಪದಕ್ಕೂ ಲಿಂಗವಿದೆ, ಗಂಡಿಗೆ ಮುಸ್ತಖ್ದಿಮ್, ಹೆಣ್ಣಿಗೆ ಮುಸ್ತಖ್ದಿಮಾ. ತಾನು ಹೆಣ್ಣೆಂದು ಸದಸ್ಯೆ ಆಯ್ಕೆಯಲ್ಲಿ ಸೂಚಿಸಿದರೆ ತಂತ್ರಾಂಶ ಆಕೆಯ ಪುಟದ ತಲೆಯಲ್ಲಿ ಎರಡನೆಯದನ್ನು ತೋರಿಸುತ್ತದೆ. ಕೈರೋದ ನಂತರ ತರಗತಿಗಳು ಜೋರ್ಡಾನ್, ಸೌದಿ ಅರೇಬಿಯಾ, ಅಲ್ಜೀರಿಯಾಗಳಿಗೂ ಹರಡಿದವು. 2015ರಲ್ಲಿ ಟುನೀಶಿಯಾದ ಮೊನಸ್ತೀರ್ ಪಟ್ಟಣದಲ್ಲಿ ವಿಕಿಅರೇಬಿಯಾ ಹೆಸರಿನ ಮೊದಲ ಸಮ್ಮೇಳನ ನಡೆಯಿತು. ಅಷ್ಟು ದಿನ ಬಳಕೆದಾರ ಹೆಸರಿನಲ್ಲಷ್ಟೇ ಗೊತ್ತಿದ್ದ ಎಷ್ಟೋ ಜನಕ್ಕೆ ಎದುರುಬದುರು ಕೂರುವ ಅವಕಾಶ ಅಲ್ಲಿ ಸಿಕ್ಕಿತು. ಬೆಂಗಳೂರಿನ ಕಾಲೇಜುಗಳಲ್ಲಿ ಕನ್ನಡ ವಿಕಿಪೀಡಿಯದ ತರಗತಿಗಳು ನಡೆದದ್ದೂ ಈ ವರ್ಷಗಳಲ್ಲೇ.

2019ರ ನವೆಂಬರಿನಲ್ಲಿ ಅರಬ್ಬಿ ವಿಕಿಪೀಡಿಯ ಹತ್ತು ಲಕ್ಷ ಲೇಖನಗಳನ್ನು ಮುಟ್ಟಿತು. ಮರುವರ್ಷ ಇನ್ನೊಂದು ಸಂಗತಿ ನಡೆಯಿತು. 2008ರಿಂದ ಈಜಿಪ್ಟಿನ ಆಡುಮಾತಿನಲ್ಲಿ ಮಸ್ರಿ ಎಂಬ ಪ್ರತ್ಯೇಕ ವಿಕಿಪೀಡಿಯವಿದೆ. ಅದು ದಿಢೀರನೆ ಹತ್ತು ಲಕ್ಷ ದಾಟಿ ಅರಬ್ಬಿಯನ್ನೇ ಹಿಂದೆ ಹಾಕಿತು. ಅವುಗಳಲ್ಲಿ ಹೆಚ್ಚಿನವು ಯಂತ್ರದ ನೆರವಿನಿಂದ ಉದುರಿಸಿದ ಒಂದೆರಡು ಸಾಲಿನ ಪುಟಗಳು. ಪುಣೆಯಲ್ಲಿ ಓದುವವರಿಲ್ಲದೆ ಬರೆಯುವವರು ಹೆಚ್ಚಿದ್ದರು, ಇಲ್ಲಿ ಬರೆಯುವವರೂ ಇಲ್ಲದೆ ಪುಟ ಹೆಚ್ಚಿದವು. ಎರಡೂ ಕಡೆ ಅಂಕಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ಅರಬ್ಬಿಯಲ್ಲಿ ಹೊಸಬರಿಗೆ ಕಲಿಸುವವರ ಹೆಗಲ ಮೇಲೆ ಇನ್ನೊಂದು ಹೊಣೆಯೂ ಇದೆ. ಕೈರೋದ ಮೊದಲ ತರಗತಿಗಳು ನಡೆಯುತ್ತಿದ್ದ ಅದೇ 2012ರ ಮಾರ್ಚಿನಲ್ಲಿ ಡಮಾಸ್ಕಸ್‌ನಲ್ಲಿ ಬಾಸಿಲ್ ಖರ್ತಬೀಲ್ ಎಂಬ ತಂತ್ರಾಂಶ ಬರಹಗಾರನ ಬಂಧನವಾಯಿತು. ಸಿರಿಯಾದಲ್ಲಿ ಕ್ರಿಯೇಟಿವ್ ಕಾಮನ್ಸ್ ಕೆಲಸ ಕಟ್ಟಿದವನು, ವಿಕಿಪೀಡಿಯಕ್ಕೂ ಬರೆದವನು. 2015ರಲ್ಲೇ ಅವನನ್ನು ಕೊಂದಿದ್ದರೆಂಬುದು ಜಗತ್ತಿಗೆ ತಿಳಿದದ್ದು 2017ರಲ್ಲಿ. ಸೌದಿಯಲ್ಲಿ ಅರಬ್ಬಿ ವಿಕಿಪೀಡಿಯದ ನಿರ್ವಾಹಕರಾಗಿದ್ದ ಒಸಾಮಾ ಖಾಲಿದ್ ಮತ್ತು ಜಿಯಾದ್ ಅಲ್ ಸೊಫಿಯಾನಿ 2020ರಲ್ಲಿ ಬಂಧನಕ್ಕೊಳಗಾದರು. ಒಸಾಮಾ ಅವರಿಗೆ 32 ವರ್ಷ, ಜಿಯಾದ್ ಅವರಿಗೆ 8 ವರ್ಷ ಶಿಕ್ಷೆಯಾಗಿದೆ ಎಂಬುದನ್ನು 2023ರ ಜನವರಿಯಲ್ಲಿ ಮಾನವ ಹಕ್ಕು ಸಂಘಟನೆಗಳು ಹೊರಗೆಡಹಿದವು. ಒಸಾಮಾ ವೃತ್ತಿಯಿಂದ ವೈದ್ಯರು.

ಇದಾದ ಮೇಲೆ, ನಿಮ್ಮ ನಿಜನಾಮ ಹಾಕಬೇಕಾಗಿಲ್ಲ, ಊರು ಕೆಲಸ ಬರೆದುಕೊಳ್ಳಬೇಕಾಗಿಲ್ಲ, ಸದಸ್ಯ ಖಾತೆಯಿಂದಲೇ ತಿದ್ದಿ ಎಂಬ ಮಾತುಗಳನ್ನು ತರಬೇತಿಯ ಕೊನೆಯಲ್ಲಿ ಗಡಿಬಿಡಿಯಿಂದ ಹೇಳಿ ಮುಗಿಸುವಂತಿಲ್ಲ. ಆವರಣಚಿಹ್ನೆ ಎಲ್ಲಿ ಹಾಕಬೇಕು ಎನ್ನುವುದಕ್ಕಿಂತ ಮೊದಲು ಹೇಳಬೇಕಾದ ಮಾತಿದು. ಒಬ್ಬರನ್ನು ಬರೆಯಲು ಕರೆಯುವುದೆಂದರೆ ಅವರ ಬರಹವನ್ನು ಓದುವ ಹೊಣೆ ಹೊರುವುದು. ಎಷ್ಟೋ ದೇಶಗಳಲ್ಲಿ ಅವರ ಕ್ಷೇಮದ ಬಗ್ಗೆ ಎಚ್ಚರ ಹೇಳುವ ಹೊಣೆಯೂ ಅದರೊಳಗೇ ಬರುತ್ತದೆ.

ಈಗಲೂ ಅರಬ್ಬಿ ವಿಕಿಪೀಡಿಯದಲ್ಲಿ ಹೊಸಬರ ತಿದ್ದುಪಡಿಯನ್ನು ಅನುಭವಿಗಳು ಪರಿಶೀಲಿಸುವ ವ್ಯವಸ್ಥೆಯಿದೆ. ಹಾಗೆ ನೋಡುವವರಿಗೆ ಸಂಬಳವಿಲ್ಲ, ಮನೆ ಕೆಲಸ ಮುಗಿದ ಮೇಲೆ ಕೂರುವವರು. ಅವರು ಯಾವ ಕಾರಣವನ್ನೂ ಕೊಡದೆ ಅಳಿಸಿಬಿಟ್ಟರೆ ಆ ಹೊಸಬರು ಬಹುಶಃ ಮತ್ತೆ ಬರುವುದಿಲ್ಲ. 'ಈ ಸಾಲಿಗೆ ಆಧಾರ ಎಲ್ಲಿಯದು?' ಎಂದು ಚರ್ಚಾಪುಟದಲ್ಲಿ ಎರಡು ಸಾಲು ಬರೆದರೆ ನಾಳೆ ಉತ್ತರ ಬರಬಹುದು. ಹತ್ತಾರು ಭಾಷೆಗಳಲ್ಲಿ, ಕನ್ನಡದಲ್ಲಿಯೂ, ಸಂಪಾದನೋತ್ಸವಗಳನ್ನು ಏರ್ಪಡಿಸುವವರು ಬಂದವರ ತಲೆ ಎಣಿಸುತ್ತಾರೆ. ಅದರ ಜೊತೆಗೆ, ಅವರು ಬರೆದದ್ದನ್ನು ಮುಂದಿನ ವಾರ ಕೂತು ಓದುವವರು ಎಷ್ಟು ಜನ ಎಂದೂ ಎಣಿಸಿಕೊಂಡರೆ ಪುಣೆಯ ಪಾಠ ಉಳಿದಂತಾಗುತ್ತದೆ.