ಈದ್ ಚಂದ್ರನ ಲೆಕ್ಕ: ಎರಡು ಘಳಿಗೆಯಿಂದ ಈಚೆಗೆ

ರಮ್ಜಾನಿನ 29ನೇ ಸಂಜೆ ಮಂಗಳೂರಿನಲ್ಲಿ ಮಗ್ರಿಬ್ ನಮಾಜ್ ಮುಗಿದದ್ದೇ ತಡ, ಎಲ್ಲರಿಗೂ ಕೇರಳದ ಕಾಪ್ಪಾಡ್ ಕಡಲತೀರದ ಸುದ್ದಿಯದೇ ಕಾತರ. ಅಲ್ಲಿ ಚಂದ್ರ ಕಂಡು, ಖಾಝಿಗಳು ಅದನ್ನು ಒಪ್ಪಿ ಘೋಷಿಸಿದರೆ ಆ ರಾತ್ರಿ ತರಾವೀಹ್ ಇಲ್ಲ. ಮಸೀದಿಗಳಲ್ಲಿ ತಕ್ಬೀರ್ ಮೊಳಗುತ್ತದೆ. ಬೆಳಗಿನ ಈದ್ ನಮಾಜಿಗೆ ಮುಂಚೆ ಬಡವರ ಮನೆ ತಲುಪಬೇಕಾದ ಫಿತ್ರ್ ಝಕಾತಿನ ಅಕ್ಕಿ ಅಳೆಯಲು ಶುರುವಾಗುತ್ತದೆ. ಅದೇ ಹೊತ್ತಿಗೆ ಬೆಂಗಳೂರಿನ ಚಂದ್ರದರ್ಶನ ಸಮಿತಿಗೆ ನಂಬುವಂಥ ಸಾಕ್ಷಿ ಸಿಗದಿದ್ದರೆ ಅಲ್ಲಿ ಇನ್ನೊಂದು ರೋಜಾ. ಕರಾವಳಿಯಲ್ಲಿ ಇಂದು ಪೆರ್ನಾಲ್, ಘಟ್ಟದ ಮೇಲೆ ನಾಳೆ ಈದ್ ಎಂಬುದು ನಮಗೆ ಹೊಸದಲ್ಲ. ಇದರ ಹಿಂದೆ ಸಾವಿರ ವರ್ಷಕ್ಕೂ ಮೀರಿದ ಒಂದು ಶಾಸ್ತ್ರದ ಕಥೆಯಿದೆ.

ಮೂಲ ನಿಯಮ ಬಹಳ ಸರಳ. ಚಂದ್ರನನ್ನು ನೋಡಿ ಉಪವಾಸ ಹಿಡಿಯಿರಿ, ನೋಡಿ ಬಿಡಿ, ಮೋಡ ಕವಿದರೆ 30 ದಿನ ತುಂಬಿಸಿ ಎಂಬುದು ಪ್ರವಾದಿಯವರ ಬೋಧನೆ. ಪಂಚಾಂಗವಿಲ್ಲದ ಮರುಭೂಮಿಯ ಕುರಿಗಾಹಿಗೂ ಪಾಲಿಸಲು ಬರುವಂಥದ್ದು. ಅಧಿಕಮಾಸಕ್ಕೆ ಇಸ್ಲಾಮಿನಲ್ಲಿ ಜಾಗವಿಲ್ಲವಾದ್ದರಿಂದ ಸುಮಾರು 354 ದಿನಗಳ ಈ ವರ್ಷ ಸೌರವರ್ಷಕ್ಕಿಂತ 11 ದಿನ ಮುಂಚೆ ಮುಗಿಯುತ್ತದೆ. ಹೀಗಾಗಿ ರಮ್ಜಾನ್ ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ.

ಆದರೆ ಸಾಮ್ರಾಜ್ಯ ಬೆಳೆದಂತೆ ಚಂದ್ರ ಯಾವತ್ತು ಕಾಣಬಹುದು ಎಂದು ಮೊದಲೇ ತಿಳಿಯುವ ಆಸೆಯೂ ಬೆಳೆಯಿತು. ಆ ಲೆಕ್ಕದ ಆರಂಭದಲ್ಲೇ ಭಾರತದ ಪಾಲಿದೆ ಎಂಬುದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಸಂಗತಿ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಕಾಣುತ್ತಾನೆ ಎನ್ನುತ್ತದೆ ಸೂರ್ಯಸಿದ್ಧಾಂತ. ಕಾಲದ ಲೆಕ್ಕದಲ್ಲಿ ಅದು ಎರಡು ಘಳಿಗೆ, ಅಂದರೆ 48 ನಿಮಿಷ. ಎಂಟನೆಯ ಶತಮಾನದಲ್ಲಿ ಖಲೀಫ ಅಲ್ ಮನ್ಸೂರನ ಕಾಲಕ್ಕೆ ಭಾರತೀಯ ಸಿದ್ಧಾಂತಗಳು ಬಾಗ್ದಾದಿಗೆ ಹೋದವು. ಮುಂದಿನ ಶತಮಾನದಲ್ಲಿ ಅಲ್ ಖ್ವಾರಿಜ್ಮಿ ತಯಾರಿಸಿದ ಚಂದ್ರದರ್ಶನದ ಕೋಷ್ಟಕಕ್ಕೆ ಆಧಾರವಾದದ್ದು ಇದೇ ಸೂತ್ರ. ಉಜ್ಜಯಿನಿಯ ಪರಂಪರೆಯ ಗಣಿತ ರಮ್ಜಾನಿನ ಚಂದ್ರನನ್ನು ಹುಡುಕಲು ನೆರವಾದದ್ದನ್ನು ನಮ್ಮ ಮಕ್ಕಳ ಪಠ್ಯದಲ್ಲಿ ಹೇಳಬೇಕು.

ಎಲ್ಲ ತಿಂಗಳಿಗೂ ಒಂದೇ ಅಂಕಿ ಸಾಲದು ಎಂಬುದು ಬೇಗನೆ ಗೊತ್ತಾಯಿತು. 929ರಲ್ಲಿ ತೀರಿಕೊಂಡ ಅಲ್ ಬತ್ತಾನಿ ಲೆಕ್ಕವನ್ನು ಇನ್ನಷ್ಟು ಸೂಕ್ಷ್ಮವಾಗಿಸಿದ. ಮುಂದೆ ದೀರ್ಘಕಾಲ ಕೋಷ್ಟಕಗಳು ಬಂದವು, ಹೋದವು. ನಿಜವಾದ ತಿರುವು ಬಂದದ್ದು 20ನೆಯ ಶತಮಾನದಲ್ಲಿ, ಕಣ್ಣಿನ ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದಾಗ. ಅಥೆನ್ಸ್‌ನಲ್ಲಿ ಯೂಲಿಯಸ್ ಶ್ಮಿಟ್ ವರ್ಷಗಟ್ಟಲೆ ಕಲೆಹಾಕಿದ್ದ ವೀಕ್ಷಣೆಗಳಿಂದ ಫಾದರಿಂಗ್‌ಹ್ಯಾಮ್ 1910ರಲ್ಲಿ ಹೊಸ ಸೂತ್ರ ಕಟ್ಟಿದರು: ಚಂದ್ರನ ಎತ್ತರವೊಂದನ್ನೇ ನೋಡಬೇಡಿ, ಅದು ಸೂರ್ಯನಿಂದ ಎಡಕ್ಕೋ ಬಲಕ್ಕೋ ಎಷ್ಟು ಸರಿದಿದೆ ಎಂಬುದನ್ನೂ ನೋಡಿ. 1930ರ ದಶಕದಲ್ಲಿ ಫ್ರಾನ್ಸಿನ ಆಂದ್ರೆ ಡಾಂಜೋ ಇನ್ನೊಂದು ಗಡಿ ಗುರುತಿಸಿದರು. ಸೂರ್ಯನಿಂದ ಸುಮಾರು 7 ಡಿಗ್ರಿಗಿಂತ ಹತ್ತಿರವಿದ್ದರೆ ಬಾಲಚಂದ್ರ ಕಣ್ಣಿಗೆ ಸಿಗುವುದೇ ಇಲ್ಲ. ಅದು ಚಂದ್ರನ ಬೆಟ್ಟಗಳ ನೆರಳಿನಿಂದಲೋ, ಗೆರೆ ಅಷ್ಟು ತೆಳುವಾಗುವುದರಿಂದಲೋ ಎಂಬ ಚರ್ಚೆ ಮುಂದೆ ಬಹಳ ನಡೆಯಿತು.

1980ರ ದಶಕದಲ್ಲಿ ಮಲೇಷ್ಯಾದಲ್ಲಿದ್ದ ಮೊಹಮ್ಮದ್ ಇಲ್ಯಾಸ್ ಭೂಪಟದ ಮೇಲೆ ಚಂದ್ರದರ್ಶನದ ದಿನರೇಖೆ ಎಳೆದರು. ಆ ಸಂಜೆ ರೇಖೆಯ ಪಶ್ಚಿಮಕ್ಕೆ ಚಂದ್ರ ಕಾಣಬಹುದು, ಪೂರ್ವಕ್ಕೆ ಕಾಣದು. ಬ್ರಿಟನ್ನಿನ ಬರ್ನಾರ್ಡ್ ಯಾಲಪ್ 1997ರಲ್ಲಿ 295 ವೀಕ್ಷಣೆಗಳನ್ನೂ, ಜೋರ್ಡಾನಿನ ಮೊಹಮ್ಮದ್ ಔದೆ 2004ರಲ್ಲಿ 737 ವೀಕ್ಷಣೆಗಳನ್ನೂ ಆಧಾರವಾಗಿಟ್ಟು ಸೂತ್ರ ರೂಪಿಸಿದರು. ಬರಿಗಣ್ಣಿಗೆ ಸಲೀಸು, ಆಕಾಶ ತಿಳಿಯಾಗಿದ್ದರೆ ಮಾತ್ರ, ದೂರದರ್ಶಕ ಬೇಕೇ ಬೇಕು, ಅಸಾಧ್ಯ ಎಂಬಂಥ ವಿಂಗಡಣೆಗಳು ಇಂದು ಪ್ರತಿ ತಿಂಗಳೂ ನಕ್ಷೆಯಾಗಿ ಸಿಗುತ್ತವೆ.

ಧರ್ಮಶಾಸ್ತ್ರದ ಚರ್ಚೆಯೂ ಇದರ ಜತೆಯಲ್ಲೇ ಸಾಗಿದೆ. ಚಂದ್ರ ಕಾಣುವುದು ಅಸಾಧ್ಯ ಎಂದು ಲೆಕ್ಕ ಹೇಳುವಾಗ 'ನಾನು ಕಂಡೆ' ಎಂಬ ಸಾಕ್ಷಿಯನ್ನು ಒಪ್ಪಬಾರದು ಎಂದು 14ನೆಯ ಶತಮಾನದ ಶಾಫಿಈ ವಿದ್ವಾಂಸ ತಕಿಯುದ್ದೀನ್ ಸುಬ್ಕಿ ವಾದಿಸಿದರು. ಈಜಿಪ್ಟಿನ ಹದೀಸ್ ಪಂಡಿತ ಅಹ್ಮದ್ ಶಾಕಿರ್ 1939ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಬರೆಯಲು, ಲೆಕ್ಕ ಹಾಕಲು ಬಾರದ ಕಾಲಕ್ಕೆ ನೋಟವೇ ದಾರಿಯಾಗಿತ್ತು, ಈಗ ಗಣಿತ ಸಾಕು ಎಂದರು. ಟರ್ಕಿ ಆ ದಾರಿ ಹಿಡಿಯಿತು. 1978ರ ಇಸ್ತಾಂಬುಲ್ ಸಮ್ಮೇಳನ ಸೂರ್ಯನಿಂದ 8 ಡಿಗ್ರಿ ದೂರ, ದಿಗಂತದಿಂದ 5 ಡಿಗ್ರಿ ಎತ್ತರ ಎಂಬ ಅಳತೆ ಕೊಟ್ಟಿತು. ಉತ್ತರ ಅಮೆರಿಕದ ಫಿಕ್ಹ್ ಕೌನ್ಸಿಲ್ 2006ರಲ್ಲಿ ಲೆಕ್ಕವನ್ನೇ ಒಪ್ಪಿತು. ಭಾರತದಲ್ಲಿ ಈಗಲೂ ಕಣ್ಣಿನ ಸಾಕ್ಷಿಯೇ ಪ್ರಮಾಣ.

ನನ್ನ ಒಲವು ಸುಬ್ಕಿಯವರ ಕಡೆಗೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಪಡುವಣದತ್ತ ಬೆರಳು ತೋರುವ ಆ ಸಂಜೆಯನ್ನು ಯಾವ ಕೋಷ್ಟಕಕ್ಕೂ ಬಿಟ್ಟುಕೊಡಬಾರದು. ಹಾಗೆಯೇ ಆಗಲೇ ಮುಳುಗಿಹೋದ ಚಂದ್ರನನ್ನು ಯಾರೋ ಕಂಡರೆಂದು ಲಕ್ಷಾಂತರ ಜನರ ಉಪವಾಸ ಮುರಿಯಲೂಬಾರದು.

ಇನ್ನು ನಮ್ಮ ಎರಡು ಹಬ್ಬಗಳ ಮಾತು. ಮಂಗಳೂರಿಗೂ ಬೆಂಗಳೂರಿಗೂ ರೇಖಾಂಶದಲ್ಲಿ 3 ಡಿಗ್ರಿಯೂ ಅಂತರವಿಲ್ಲ, ಸೂರ್ಯಾಸ್ತದ ವ್ಯತ್ಯಾಸ ಹತ್ತು ಹನ್ನೆರಡು ನಿಮಿಷ. ಅಷ್ಟರಲ್ಲಿ ಚಂದ್ರ ಸೂರ್ಯನಿಂದ ಸರಿಯುವುದು ಡಿಗ್ರಿಯ ಹತ್ತನೇ ಒಂದು ಪಾಲು. ಹಬ್ಬ ಎರಡಾಗುವುದಕ್ಕೆ ಖಗೋಳದ ಪಾಲು ಬಹಳ ಕಡಿಮೆ. ಕರಾವಳಿಯ ಬ್ಯಾರಿಗಳು ಶಾಫಿಈ ಪಂಥದವರು, ನಂಟು ಮಲಬಾರಿನೊಂದಿಗೆ. ಒಳನಾಡಿನ ಬಹುಪಾಲು ಜನ ಹನಫಿಗಳು. ಯಾರ ಸಾಕ್ಷಿ ಯಾರಿಗೆ ಸಲ್ಲುತ್ತದೆ ಎಂಬುದರ ಮೇಲೆ ಸುರಕುಂಬಾ ಯಾವತ್ತು ಕುದಿಯಬೇಕೆಂಬುದು ನಿರ್ಧಾರವಾಗುತ್ತದೆ.

ಕ್ಯಾಮೆರಾ ಈಗ ಹೊಸ ಪ್ರಶ್ನೆ ತಂದಿದೆ. 2013ರ ಜುಲೈ 8ರಂದು ಥಿಯರಿ ಲೆಗೊ ಫ್ರಾನ್ಸಿನಿಂದ, ಹಾಡಹಗಲಿನಲ್ಲಿ, ಅಮಾವಾಸ್ಯೆಯ ಕ್ಷಣದಲ್ಲೇ ಬಾಲಚಂದ್ರನ ಚಿತ್ರ ತೆಗೆದರು. ಆಗ ಚಂದ್ರ ಸೂರ್ಯನಿಂದ ಬರೀ 4.4 ಡಿಗ್ರಿ ದೂರದಲ್ಲಿದ್ದ. ಇದನ್ನು ಕಂಡದ್ದೆಂದು ಎಣಿಸಬೇಕೆ? ಕಣ್ಣು ಎಂದೂ ಕಾಣಲಾರದ್ದನ್ನು ಚಂದ್ರದರ್ಶನವೆಂದು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ನಮ್ಮಲ್ಲಿ ತುರ್ತಾಗಿ ಆಗಬೇಕಾದದ್ದು ಬೇರೆ. ಯಾಲಪ್ ಸೂತ್ರದಲ್ಲಿ 'ಕಂಡಿತು' ಎಂಬ ವರದಿಯಷ್ಟೇ ಬೆಲೆ 'ಕಾಣಲಿಲ್ಲ' ಎಂಬುದಕ್ಕೂ ಇದೆ. ಕಾರವಾರ, ಭಟ್ಕಳ, ಮಲ್ಪೆ, ಉಳ್ಳಾಲಗಳಲ್ಲಿ ಪ್ರತಿ ತಿಂಗಳು 29ರಂದು ಆಕಾಶ ನೋಡಿದವರು ಕಂಡರೂ ಕಾಣದಿದ್ದರೂ ಗಂಟೆ, ಮೋಡ, ದಿಕ್ಕುಗಳನ್ನು ಬರೆದಿಟ್ಟರೆ ನಮ್ಮದೇ ಒಂದು ದಾಖಲೆ ಬೆಳೆಯುತ್ತದೆ. ಕರಾವಳಿಯ ಖಾಝಿಗಳೂ ಬೆಂಗಳೂರಿನ ಸಮಿತಿಯೂ ಒಟ್ಟಿಗೆ ಮುಂದಿಟ್ಟುಕೊಂಡು ಮಾತಾಡಬಹುದಾದ ದಾಖಲೆ ಅದು.