ಜಿಡ್ಡು ಹೊರುವವರ ಚರಿತ್ರೆ

ನಮ್ಮ ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಹಳ್ಳ ದಾಟೋಕೆ ಸಂಕ ಬೇಕೇ ಬೇಕು. ಜೀವಕೋಶದೊಳಗೂ ಅದೇ ಫಜೀತಿ. ಒಳಗೆಲ್ಲ ನೀರು, ಪೊರೆಗಳೆಲ್ಲ ಜಿಡ್ಡು. ಜಿಡ್ಡಿನ ಅಣು ತಾನಾಗಿ ನೀರಿಗಿಳಿದು ಸುಲಭವಾಗಿ ಇನ್ನೊಂದು ಪೊರೆ ಸೇರಲಾರದು. ಹೊತ್ತು ದಾಟಿಸೋಕೆ ಪ್ರೋಟೀನುಗಳಿವೆ. ಕೋಡ್ ಬರೆಯೋನಿಗೆ ಇದೆಲ್ಲ ಯಾಕೆ ಅಂತೀರಾ? ಓದ್ತಾ ಓದ್ತಾ ಪತ್ತೇದಾರಿ ಕಥೆ ಥರ ಅನ್ನಿಸ್ತು, ಅದಕ್ಕೆ.

1953ರಲ್ಲಿ ಹೋಕಿನ್ ದಂಪತಿ ಮೇದೋಜೀರಕ ಗ್ರಂಥಿಯ ಚೂರುಗಳಿಗೆ ಅಸಿಟೈಲ್‌ಕೋಲಿನ್ ಹಾಕಿದರು. ಪೊರೆಯ ಕೊಬ್ಬಿಗೆ ರಂಜಕ ಸೇರುವ ವೇಗ ಜಾಸ್ತಿಯಾಯ್ತು. ಹೊರಗಿನ ಸಂದೇಶಕ್ಕೂ ಈ ಕೊಬ್ಬಿಗೂ ಏನೋ ನಂಟಿದೆ! ಏನು ಅಂತ ಗೊತ್ತಾಗೋಕೆ 30 ವರ್ಷ ಹಿಡೀತು. ಪಿಐಪಿ2 ಎಂಬ ಕೊಬ್ಬನ್ನು ಫಾಸ್ಫೋಲೈಪೇಸ್ ಸಿ ಕತ್ತರಿಸುತ್ತೆ, ಅದರ ತುಂಡೊಂದು ಒಳಗೆ ಹೋಗಿ ಕ್ಯಾಲ್ಸಿಯಂ ಬಿಡಿಸುತ್ತೆ ಅಂತ 1983ರಲ್ಲಿ ಮೈಕೆಲ್ ಬೆರಿಡ್ಜ್ ಮತ್ತು ಸಂಗಡಿಗರು ತೋರಿಸಿದರು.

ಆದ್ರೆ ಲೆಕ್ಕ ತಾಳೆಯಾಗಲ್ಲ. ಪಿಐಪಿ2 ಇರೋದೇ ಚೂರು. ಅದಕ್ಕೆ ಬೇಕಾದ ಪಿಐ (ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ ಮಾರಾಯ್ರೆ :) ತಯಾರಾಗೋದು ಒಳಗಿನ ಇನ್ನೊಂದು ಪೊರೆಯಲ್ಲಿ. ತಂದು ಹಾಕೋರು ಯಾರು?

ಕೊಬ್ಬು ಹೀಗೆ ಪೊರೆಯಿಂದ ಪೊರೆಗೆ ಸಾಗೋದನ್ನು ವಿರ್ಟ್ಸ್ ಮತ್ತು ಜಿಲ್ವರ್ಸ್ಮಿಟ್ 1968ರಲ್ಲೇ ಇಲಿಯ ಯಕೃತ್ತಿನಲ್ಲಿ ಕಂಡಿದ್ದರು. ಸಂದೇಶಕ್ಕೂ ಅದಕ್ಕೂ ಗಂಟು ಹಾಕಿದ್ದು ಲಂಡನ್ನಿನ ಶಂಶಾದ್ ಕಾಕ್‌ಕ್ರಾಫ್ಟ್ ತಂಡ, 1993ರಲ್ಲಿ. ಕೋಶಕ್ಕೆ ತೂತು ಮಾಡಿ ಒಳಗಿನ ರಸ ಸೋರಲು ಬಿಟ್ಟರು, ಸಂದೇಶ ಸೊರಗಿತು. ಸೋರಿದ್ದರಲ್ಲಿ ಯಾವುದನ್ನು ವಾಪಸ್ ಹಾಕಿದರೆ ಸರಿಹೋಗುತ್ತೆ ಅಂತ ಹುಡುಕಿದರೆ ಸಿಕ್ಕಿದ್ದು ಪಿಐ ಹೊರುವ ಪ್ರೋಟೀನ್. ಥೇಟ್ ನಮ್ಮ ಡಿಬಗ್ಗಿಂಗ್! 1995ರಲ್ಲಿ ಇಜಿಎಫ್ ಎಂಬ ಬೆಳವಣಿಗೆಯ ಸಂದೇಶಕ್ಕೂ ಇದೇ ಪ್ರೋಟೀನ್ ಬೇಕು ಅಂತಾಯ್ತು. ಇಜಿಎಫ್ ಕಂಡುಹಿಡಿದ ಸ್ಟಾನ್ಲಿ ಕೋಹೆನ್‌ಗೆ 1986ರಲ್ಲಿ ನೊಬೆಲ್ ಬಂದಿತ್ತು. ಹೊರೆಯಾಳನ್ನು ಯಾರು ಕೇಳ್ತಾರೆ ಬಿಡಿ.

ಕಥೆ ಬೆಂಗಳೂರಿಗೂ ಬಂತು. ಕೊಳೆತ ಬಾಳೆಹಣ್ಣಿಗೆ ಮುತ್ತುತ್ತಲ್ಲ, ಆ ಪುಟ್ಟ ನೊಣದ ಕಣ್ಣಲ್ಲಿ ಬೆಳಕೇ ಸಂದೇಶ, ಕತ್ತರಿ ಮಾತ್ರ ಅದೇ ಫಾಸ್ಫೋಲೈಪೇಸ್ ಸಿ. ಆರ್‌ಡಿಜಿಬಿ ಎಂಬ ಹೊರೆಯಾಳು ಇಲ್ಲದ ನೊಣದ ಕಣ್ಣು ಬೆಳಕಿನಲ್ಲಿದ್ದಷ್ಟೂ ಬೇಗ ಹಾಳಾಗುತ್ತೆ. ಎನ್‌ಸಿಬಿಎಸ್‌ನ ರಘು ಪಡಿಂಜಾಟ್ ಬಳಗ ಕಾಕ್‌ಕ್ರಾಫ್ಟ್ ಜೊತೆಗೂಡಿ 2015ರಲ್ಲಿ ತೋರಿಸಿದ್ದು ಇದು: ಆರ್‌ಡಿಜಿಬಿ ಪಿಐ ಮಾತ್ರವಲ್ಲ, ಫಾಸ್ಫಾಟಿಡಿಕ್ ಆಮ್ಲವನ್ನೂ ಹೊರಬಲ್ಲದು. ಅಂದ್ರೆ ಬರಿಗೈಲಿ ವಾಪಸಾಗೋ ಗಿರಾಕಿಯಲ್ಲ. ಅದು ಕೆಲಸ ಮಾಡೋದು ಎರಡು ಪೊರೆಗಳು ತೀರಾ ಹತ್ತಿರ ಬರುವ ಜಾಗದಲ್ಲಿ. ಸಂಕ ಹಾಕೋದೂ ಹಳ್ಳ ಕಿರಿದಾಗಿರೋ ಕಡೆಗೇ ತಾನೆ?

ಮನುಷ್ಯರಲ್ಲಿ ಇದರ ದಾಯಾದಿ ನಿರ್2. ಇಜಿಎಫ್ ಕೊಟ್ಟರೆ ಅದು ಹೊರಪೊರೆಯ ಬಳಿ ಓಡಿಬರುತ್ತೆ ಅಂತ 2013ರಲ್ಲಿ ಗೊತ್ತಾಯ್ತು. ಅದನ್ನು ಎಳೆಯೋದೂ ಫಾಸ್ಫಾಟಿಡಿಕ್ ಆಮ್ಲವೇ, ಪಿಐಪಿ2 ಕತ್ತರಿಸಿ ಉಳಿದ ತುಂಡಿನಿಂದಲೇ ಆಗುವಂಥದ್ದು.