ಕಾಶಿಯ ದಾರಿಯ ಗಂಟುಮೂಟೆ

ವಿವಾಹಕಾಲದಲ್ಲಿ ವರನು ಕೊಡೆಯನ್ನೂ ಊರುಗೋಲನ್ನೂ ಹಿಡಿದು, ಹೊಸ ಮೆಟ್ಟು ಮೆಟ್ಟಿ, ಉತ್ತರೀಯದ ಸೆರಗಿನಲ್ಲಿ ಅಕ್ಕಿಬೇಳೆಯ ಗಂಟು ಕಟ್ಟಿಕೊಂಡು ಕಾಶಿಗೆಂದು ನಾಲ್ಕು ಹೆಜ್ಜೆ ನಡೆಯುವ ಶಾಸ್ತ್ರವು ಈಗ ಬೀಗರ ವಿನೋದಕ್ಕೆ ಒದಗುವ ಪ್ರಸಂಗವಾಗಿ ಉಳಿದಿದೆ. ಧೂಮಶಕಟವು ಬರುವುದಕ್ಕೆ ಮುನ್ನ ತಿಂಗಳುಗಟ್ಟಲೆ ನಡೆದು ಗಂಗಾತೀರವನ್ನು ಸೇರುತ್ತಿದ್ದ ನಮ್ಮ ಹಿರಿಯರಿಗಾದರೋ ಇವೆಲ್ಲವೂ ನಿತ್ಯೋಪಯೋಗದ ಸಾಮಗ್ರಿಗಳಾಗಿದ್ದವು.

ಎದೆಯ ಕಡೆಗೊಂದು ಬೆನ್ನಿನ ಕಡೆಗೊಂದು ಪಾಲು ಜೋಲುವಂತೆ ಹೆಗಲಿಗೇರಿಸಿದ ಹಸಿಬೆ ಚೀಲದಲ್ಲಿ ಹಿಡಿಸುವಷ್ಟೇ ಸಾಮಾನು. ಕಂಬಳಿಯೊಂದು ಇರಲೇಬೇಕು. ರಾತ್ರಿಗೆ ಹಾಸಿಗೆ, ಚಳಿಗೆ ಹೊದಿಕೆ, ಮಳೆಗೆ ಕೊಪ್ಪೆ. ಇದಲ್ಲದೆ ಉಣ್ಣೆಗೆ ಮೈಲಿಗೆಯಿಲ್ಲವೆಂಬ ನಂಬಿಕೆಯಿಂದ, ಒಗೆದ ಪಂಚೆ ಒಣಗದ ದಿನ ಮಡಿವಸ್ತ್ರವೂ ಅದೇ. ಗುರುತಿಲ್ಲದ ಊರಿನ ಬಾವಿಯಲ್ಲಿ ಇಳಿಬಿಡುವುದಕ್ಕೆ ತಂಬಿಗೆ, ತಂಬಿಗೆಯ ಕೊರಳಿಗೆ ಉದ್ದನೆಯ ಹಗ್ಗ. ಬುತ್ತಿಯ ವಿಷಯದಲ್ಲಂತೂ ಹೊಟ್ಟೆಗಿಂತ ಆಚಾರದ ಮಾತೇ ಮೇಲಾಗಿತ್ತು. ನೀರಿನಲ್ಲಿ ಬೆಂದ ಅನ್ನವು ಮುಸುರೆ. ಅವಲಕ್ಕಿ, ಹುರಿಹಿಟ್ಟುಗಳಿಗೆ ಆ ದೋಷವಿಲ್ಲ. ಕೆಡದೆ ಬಹುದಿನ ನಿಲ್ಲುವ, ಹಗುರವಾಗಿರುವ, ಬೆಲ್ಲ ನೀರು ಸೇರಿದರೆ ಊಟವಾಗುವ ಪದಾರ್ಥಗಳೇ ಮಡಿಯ ಪರೀಕ್ಷೆಯಲ್ಲಿಯೂ ಗೆದ್ದದ್ದು ಯಾತ್ರಿಕನ ಭಾಗ್ಯವೆನ್ನಬೇಕು. ಆದರೆ ಪರರು ಬೇಯಿಸಿದ್ದನ್ನು ಉಣ್ಣಲೊಲ್ಲದವನಿಗೆ ಅಡಿಗೆಯ ಪಾತ್ರೆಯನ್ನು ಹೊರುವ ಶಿಕ್ಷೆ ತಪ್ಪುತ್ತಿರಲಿಲ್ಲ.

ಉಳಿದುದನ್ನು ದಾರಿಯೇ ಒದಗಿಸಬೇಕಾಗಿತ್ತು. ಬೇಸಗೆಯಲ್ಲಿ ಅರವಟಿಗೆ, ಇರುಳಿಗೆ ಛತ್ರ. ದಕ್ಷಿಣದಿಂದ ಹೋದವರಿಗೆ ಅನೇಕ ಕ್ಷೇತ್ರಗಳಲ್ಲಿ ಅಹಲ್ಯಾಬಾಯಿ ಹೋಳ್ಕರಳು ಕಟ್ಟಿಸಿದ ಧರ್ಮಶಾಲೆಗಳೂ ಘಟ್ಟಗಳೂ ದೊರೆಯುತ್ತಿದ್ದವು. ನಾಣ್ಯದ ಚೀಲವೆಂದರೆ ಭಾರವೂ ಹೌದು, ಕಳ್ಳರಿಗೆ ಆಹ್ವಾನವೂ ಹೌದು. ಅನುಕೂಲವುಳ್ಳವರು ಸಾಹುಕಾರನಲ್ಲಿ ಹಣ ಕಟ್ಟಿ, ಹುಂಡಿ ಬರೆಯಿಸಿಕೊಂಡು, ದೂರದ ಪಟ್ಟಣದಲ್ಲಿ ಅದನ್ನು ಮುರಿಸುತ್ತಿದ್ದರು. ದಾರಿಯನ್ನು ಎಷ್ಟರಮಟ್ಟಿಗೆ ನಂಬಬಹುದೋ ಗಂಟು ಅಷ್ಟರಮಟ್ಟಿಗೆ ಹಗುರವಾಗುತ್ತಿತ್ತು. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿಯವರು 1830ರ ಮೇ ತಿಂಗಳಲ್ಲಿ ಹೊರಟು 1831ರ ಸೆಪ್ಟೆಂಬರಿನಲ್ಲಿ ಹಿಂತಿರುಗಿದ ತಮ್ಮ ಕಾಶೀಯಾತ್ರೆಯನ್ನು ತೆಲುಗಿನಲ್ಲಿ ಬರೆಯುವಾಗ, ಇಳಿದ ಊರುಗಳಲ್ಲಿ ಅಂಗಡಿಯುಂಟೆ, ನೀರು ಹೇಗೆ, ತಂಗಲು ಸ್ಥಳವೆಲ್ಲಿ ಎಂಬುದನ್ನು ಬೇಸರವಿಲ್ಲದೆ ಗುರುತಿಸುತ್ತ ಹೋಗಿರುವುದು ಈ ಕಾರಣದಿಂದಲೇ. ಅವರು ಪಲ್ಲಕ್ಕಿಯಲ್ಲಿ, ದೊಡ್ಡ ಪರಿವಾರದೊಡನೆ ಹೋದವರು. ತಮ್ಮ ಹೆಗಲನ್ನು ನೋಯಿಸಿಕೊಳ್ಳಬೇಕಾಗಿರಲಿಲ್ಲ. ಬೋಯಿಗಳು ಬರೆದಿದ್ದರೆ ಅದು ಬೇರೆಯೇ ಗ್ರಂಥವಾಗುತ್ತಿತ್ತು.

ಹೋಗುವಾಗ ಬುತ್ತಿ ಕರಗುತ್ತದೆ, ಹೊರೆ ಇಳಿಯುತ್ತದೆ. ಬರುವಾಗ ಏರುತ್ತದೆ, ಏಕೆಂದರೆ ಗಂಗೆಯನ್ನು ತರಬೇಕು. ರಾಮೇಶ್ವರದ ಮರಳನ್ನು ಪ್ರಯಾಗದಲ್ಲಿ ವಿಸರ್ಜಿಸಿ, ಗಂಗೋದಕವನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸಿದ ಹೊರತು ಯಾತ್ರೆ ಪೂರ್ಣವಲ್ಲವೆಂದು ಎಣಿಸಿದವರಿಗೆ ಬಿಡುವೇ ಇರಲಿಲ್ಲ. ಕೊಂಕಣದ ವರಸಯಿಯ ವಿಷ್ಣುಭಟ್ಟ ಗೋಡ್ಸೆಯವರು ಸಂಪಾದನೆಯ ಆಸೆಯಿಂದ 1857ರಲ್ಲಿ ಉತ್ತರಕ್ಕೆ ಹೋಗಿ, ದಂಗೆಯ ನಡುವೆ ಸಿಕ್ಕಿ ಸುಲಿಗೆಗೊಳಗಾದರೂ, ತಂದೆತಾಯಿಗಳಿಗೆ ಸ್ನಾನಮಾಡಿಸಲು ಗಂಗೆಯ ಕಾವಡಿಯನ್ನು ಹೆಗಲಮೇಲೆ ಹೊತ್ತು ತಂದರು. ಹಣ ಹೋಯಿತು, ನೀರು ಊರು ಮುಟ್ಟಿತು.

1870ರಲ್ಲಿ ಜಬ್ಬಲಪುರದ ಬಳಿ ಮುಂಬಯಿಯ ಹಳಿಯೂ ಕಲ್ಕತ್ತೆಯ ಹಳಿಯೂ ಕೂಡಿಕೊಂಡವು. 1887ರಲ್ಲಿ ಕಾಶಿಯಲ್ಲಿಯೇ ಗಂಗೆಗೆ ಡಫರಿನ್ ಸೇತುವೆಯಾಯಿತು. ತಿಂಗಳುಗಳ ದಾರಿ ದಿನಗಳಿಗೆ ಇಳಿದ ಮೇಲೆ ಗಂಟು ಚಿಕ್ಕದಾಗಬೇಕಾಗಿತ್ತಷ್ಟೆ? ಹಸಿಬೆಯ ಸ್ಥಾನಕ್ಕೆ ಟ್ರಂಕು ಬಂದಿತು, ಕಂಬಳಿಯ ಸ್ಥಾನಕ್ಕೆ ಹೋಲ್ಡಾಲಿನೊಳಗಣ ಹಾಸಿಗೆ, ತಂಬಿಗೆಯ ಸ್ಥಾನಕ್ಕೆ ಕೂಜ. ಅವಲಕ್ಕಿಯ ಜೊತೆಗೆ ಚಕ್ಕುಲಿ, ಕೋಡುಬಳೆ, ಉಪ್ಪಿನಕಾಯಿಗಳ ಡಬ್ಬಗಳು ಏರಿದವು. ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಿಂಡಿಗಳಲ್ಲಿ ಗಂಗೆ ಕಾಶಿಯ ಅಂಗಡಿಗಳಲ್ಲಿಯೇ ಸಿಗತೊಡಗಿದ ಮೇಲೆ, ಒಂದನ್ನು ತರಬೇಕಾದವರು ನೆಂಟರಿಷ್ಟರಿಗೆಲ್ಲ ಒಂದೊಂದರಂತೆ ಕೊಂಡು, ಸ್ಟೇಷನ್ನಿನಲ್ಲಿ ಕೂಲಿಯವನೊಡನೆ ಎರಡಾಣೆಗಾಗಿ ಚೌಕಾಸಿಗೆ ನಿಂತರು.